ಬಯಲೇ ಕಚೇರಿಯಾದವರ ಸುರಕ್ಷತೆ

ಅಮೆರಿಕದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಸರ್ಕಾರಿ ಸಂಸ್ಥೆಯ ಉಸ್ತುವಾರಿಯಲ್ಲಿ ಸುಮಾರು 24.5 ಕೋಟಿ ಎಕರೆ ನೆಲವಿದೆ. ಕರ್ನಾಟಕದ ಐದು ಪಟ್ಟು ವಿಸ್ತಾರ ಅದು. ಜಮೀನಿನ ದಾಖಲೆ ಮತ್ತು ಹಂಚಿಕೆ ನೋಡಿಕೊಳ್ಳುತ್ತಿದ್ದ ಹಳೆಯ ಜನರಲ್ ಲ್ಯಾಂಡ್ ಆಫೀಸ್ ಒಂದು ಕಡೆ, ಹುಲ್ಲುಗಾವಲುಗಳ ನಿಗಾಕ್ಕಿದ್ದ ಗ್ರೇಜಿಂಗ್ ಸರ್ವಿಸ್ ಇನ್ನೊಂದು ಕಡೆ; ಇವೆರಡನ್ನೂ 1946ರಲ್ಲಿ ಕೂಡಿಸಿ ಈ ಬ್ಯೂರೋ ಕಟ್ಟಲಾಯಿತು. ಅದರ ನೆಲದಲ್ಲಿ ಹೆಚ್ಚಿನ ಭಾಗ ಪಶ್ಚಿಮದ ರಾಜ್ಯಗಳು ಮತ್ತು ಅಲಾಸ್ಕಾದಲ್ಲಿದೆ: ಕುರುಚಲು ಬಯಲು, ಮರುಭೂಮಿ, ಕಣಿವೆ, ಕಾಡು. ನೌಕರರು ಅಲ್ಲಿ ಸರ್ವೆ ಮಾಡುತ್ತಾರೆ, ತೈಲಬಾವಿಗಳನ್ನು ಪರಿಶೀಲಿಸುತ್ತಾರೆ, ಕಾಡುಕುದುರೆಗಳನ್ನು ಹಿಡಿದು ಸಾಗಿಸುತ್ತಾರೆ, ಬೇಲಿ ನೋಡುತ್ತಾರೆ, ಬೆಂಕಿ ಆರಿಸುತ್ತಾರೆ.

ಕಾರ್ಖಾನೆಯಲ್ಲಾದರೆ ಅಪಾಯ ಇರುವ ಜಾಗ ಗೊತ್ತಿರುತ್ತದೆ. ಯಂತ್ರಕ್ಕೆ ಕವಚ ಹಾಕಬಹುದು, ನೆಲದ ಮೇಲೆ ಹಳದಿ ಗೆರೆ ಎಳೆಯಬಹುದು, ಮೇಲ್ವಿಚಾರಕರು ದಿನಕ್ಕೆರಡು ಸಲ ಸುತ್ತು ಹಾಕಬಹುದು. ಭೂಮಿ ಕಾಯುವ ಇಲಾಖೆಯಲ್ಲಿ ಕೆಲಸದ ಜಾಗ ದಿನವೂ ಬದಲಾಗುತ್ತದೆ, ಮೇಲಧಿಕಾರಿ ನೂರಾರು ಕಿಲೊಮೀಟರ್ ದೂರದಲ್ಲಿರುತ್ತಾರೆ, ನೌಕರ ಎಷ್ಟೋ ಸಲ ಒಬ್ಬನೇ ಇರುತ್ತಾನೆ. ಇಂಥ ಕಡೆ ಸುರಕ್ಷತೆಯ ಮೇಲ್ವಿಚಾರಣೆ ಹೇಗೆ ನಡೆಯುತ್ತದೆ, ಎಲ್ಲಿ ಸೋತಿದೆ ಎಂಬುದನ್ನು ತಿಳಿಯಲು ಈ ಬ್ಯೂರೋದ ಅನುಭವ ಒಳ್ಳೆಯ ಉದಾಹರಣೆ.

ಕಾನೂನಿನ ಬುನಾದಿ 1970ರ ಡಿಸೆಂಬರಿನದು. ಆಗ ಅಂಗೀಕಾರವಾದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಕಾಯ್ದೆ ಕಾರ್ಮಿಕ ಇಲಾಖೆಯ ಅಡಿಯಲ್ಲಿ ಓಷಾ ಎಂಬ ತಪಾಸಣಾ ಸಂಸ್ಥೆಯನ್ನು ಹುಟ್ಟುಹಾಕಿತು. ಖಾಸಗಿ ಉದ್ದಿಮೆ ನಿಯಮ ಮುರಿದರೆ ಓಷಾ ದಂಡ ಹಾಕುತ್ತದೆ. ಸರ್ಕಾರಿ ಇಲಾಖೆಗೆ ಅದು ದಂಡ ಹಾಕುವಂತಿಲ್ಲ. ಕಾಯ್ದೆಯ 19ನೇ ಕಲಮು ಕೇಂದ್ರ ಸರ್ಕಾರದ ಪ್ರತಿ ಇಲಾಖೆಯ ಮುಖ್ಯಸ್ಥರೂ ತಮ್ಮ ನೌಕರರಿಗಾಗಿ ಸುರಕ್ಷತಾ ವ್ಯವಸ್ಥೆ ಮಾಡಲೇಬೇಕು ಎಂದಷ್ಟೇ ವಿಧಿಸಿತು. ಹತ್ತು ವರ್ಷ ಕಳೆಯುವ ಹೊತ್ತಿಗೆ ಇದು ಸಾಲದು ಎಂದು ಮನವರಿಕೆಯಾಯಿತು. 1980ರ ಫೆಬ್ರವರಿಯಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಹೊರಡಿಸಿದ 12196ನೇ ಆದೇಶ, ಅದರ ಬೆನ್ನಿಗೆ ಬಂದ ವಿವರವಾದ ನಿಯಮಾವಳಿ ಇವತ್ತಿಗೂ ಚಾಲ್ತಿಯಲ್ಲಿವೆ.

ಈ ನಿಯಮಗಳ ಪ್ರಕಾರ ಪ್ರತಿ ಇಲಾಖೆಯಲ್ಲೂ ಸುರಕ್ಷತೆಗೆ ಹೊಣೆಗಾರನಾದ ಒಬ್ಬ ಹಿರಿಯ ಅಧಿಕಾರಿ ಇರಬೇಕು. ಎಲ್ಲ ಕೆಲಸದ ಸ್ಥಳಗಳನ್ನೂ ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಬೇಕು. ಅಪಾಯ ಹೆಚ್ಚಿರುವ ಕಡೆ ಇನ್ನೂ ಹೆಚ್ಚು ಸಲ. ನೌಕರ ಅಪಾಯದ ಬಗ್ಗೆ ದೂರು ಕೊಟ್ಟರೆ, ಜೀವಕ್ಕೆ ತಕ್ಷಣದ ಕುತ್ತು ಇದ್ದಲ್ಲಿ 24 ಗಂಟೆಯೊಳಗೆ, ಗಂಭೀರ ಸ್ವರೂಪದ್ದಾದರೆ ಮೂರು ಕೆಲಸದ ದಿನಗಳೊಳಗೆ, ಉಳಿದದ್ದಕ್ಕೆ 20 ಕೆಲಸದ ದಿನಗಳೊಳಗೆ ಸ್ಥಳ ಪರಿಶೀಲನೆ ಆಗಬೇಕು. ದೂರು ಕೊಟ್ಟವರ ಹೆಸರನ್ನು ಅವರು ಬಯಸಿದರೆ ಗುಟ್ಟಾಗಿಡಬೇಕು, ಅವರ ಮೇಲೆ ಹಗೆ ಸಾಧಿಸಕೂಡದು. ತಪಾಸಣೆಯಲ್ಲಿ ಕಂಡ ಕೊರತೆಯ ನೋಟಿಸನ್ನು ಆ ಜಾಗದಲ್ಲೇ ನೌಕರರ ಕಣ್ಣಿಗೆ ಬೀಳುವಂತೆ ಅಂಟಿಸಬೇಕು. ಕೆಲಸದ ವೇಳೆ ಯಾರಾದರೂ ಸತ್ತರೆ ಎಂಟು ಗಂಟೆಯೊಳಗೆ, ಆಸ್ಪತ್ರೆಗೆ ಸೇರಿದರೆ ಇಲ್ಲವೆ ಅಂಗ ಕಳೆದುಕೊಂಡರೆ 24 ಗಂಟೆಯೊಳಗೆ ಓಷಾಕ್ಕೆ ತಿಳಿಸಬೇಕು. ದಂಡದ ಭಯವಿಲ್ಲದ ಕಡೆ ಗೋಡೆಗೆ ಅಂಟಿಸಿದ ನೋಟಿಸಿಗೆ ಹೆಚ್ಚಿನ ತೂಕವಿದೆ: ಇಂಥ ಅಪಾಯವಿತ್ತು, ಅದು ಇಲಾಖೆಗೆ ಗೊತ್ತಿತ್ತು ಎಂಬುದಕ್ಕೆ ಅದು ಸಾಕ್ಷಿಯಾಗಿ ಉಳಿಯುತ್ತದೆ.

ದಿನನಿತ್ಯದ ಅಪಾಯಗಳು ಸುದ್ದಿಯಾಗುವಂಥವಲ್ಲ. ಮೊದಲನೆಯದು ವಾಹನ. ದೂರದ ಕಚ್ಚಾ ರಸ್ತೆ, ದಣಿದ ಚಾಲಕ, ಮೊಬೈಲ್ ಸಿಗ್ನಲ್ ಇಲ್ಲದ ಜಾಗ ಇವು ಸೇರಿದಾಗ ಸಣ್ಣ ಅಪಘಾತವೂ ಪ್ರಾಣ ತೆಗೆಯುತ್ತದೆ. ಆದ್ದರಿಂದ ಹೊರಗೆ ಹೋಗುವವರು ಯಾವ ದಾರಿಯಲ್ಲಿ ಹೋಗುತ್ತೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂದು ಮೊದಲೇ ತಿಳಿಸಿ, ನಿಗದಿತ ಹೊತ್ತಿಗೆ ರೇಡಿಯೊ ಅಥವಾ ಉಪಗ್ರಹ ಸಾಧನದ ಮೂಲಕ ಸುದ್ದಿ ಕೊಡುತ್ತಿರಬೇಕು. ಸುದ್ದಿ ಬಾರದಿದ್ದರೆ ಹುಡುಕಾಟ ಶುರು. ಎರಡನೆಯದು ಕೈಬಿಟ್ಟ ಗಣಿಗಳು. ಹತ್ತೊಂಬತ್ತನೇ ಶತಮಾನದ ಚಿನ್ನ ಬೆಳ್ಳಿಯ ಬೇಟೆ ಪಶ್ಚಿಮದ ಬೆಟ್ಟಗಳಲ್ಲಿ ಹತ್ತಾರು ಸಾವಿರ ಬಿಲಗಳನ್ನು ಬಿಟ್ಟುಹೋಗಿದೆ. ಒಳಗೆ ಆಮ್ಲಜನಕವಿಲ್ಲದ ಗಾಳಿ, ಕುಸಿಯುವ ಮರದ ಆಧಾರಗಳು, ಹಳೆಯ ಸಿಡಿಮದ್ದು ಇರಬಹುದು. ಬಾಯಿ ಮುಚ್ಚಿಸುವ ತನಕ ನೌಕರರೂ ಒಳಗೆ ಇಣುಕಬಾರದು ಎಂಬುದೇ ಅಲ್ಲಿನ ನಿಯಮ. ಇನ್ನು ಬಿಸಿಲು, ಹಾವು, ಇಲಿಗಳು ಓಡಾಡುವ ಹಳೆಯ ಗುಡಿಸಲುಗಳ ದೂಳಿನಿಂದ ಬರುವ ಹಾಂಟಾ ವೈರಸ್, ಅರಿಜೋನಾ ಮತ್ತು ಕ್ಯಾಲಿಫೋರ್ನಿಯಾದ ಒಣಮಣ್ಣಿನ ಶಿಲೀಂಧ್ರ ತರುವ ಶ್ವಾಸಕೋಶದ ಕಾಯಿಲೆ ಇವೆಲ್ಲವೂ ಪಟ್ಟಿಯಲ್ಲಿವೆ.

ಕೆಲಸ ಶುರುವಾಗುವ ಮೊದಲು ಅದರ ಪ್ರತಿ ಹಂತದ ಅಪಾಯವನ್ನೂ ಬರೆದು, ತಡೆಯುವ ದಾರಿಯನ್ನೂ ಬರೆದು, ತಂಡದವರೆಲ್ಲ ಓದಿ ಸಹಿ ಮಾಡುವುದು ಇಂಥ ಇಲಾಖೆಗಳಲ್ಲಿ ರೂಢಿ. ತಡೆಯುವ ದಾರಿಗಳಿಗೂ ಒಂದು ಕ್ರಮವಿದೆ. ಅಪಾಯವನ್ನೇ ಇಲ್ಲವಾಗಿಸುವುದು ಎಲ್ಲಕ್ಕಿಂತ ಮೇಲು. ಹೆಲ್ಮೆಟ್ಟು, ಕೈಗವಸುಗಳ ಮೇಲೆ ಭರವಸೆ ಇಡುವುದು ಕಟ್ಟಕಡೆಯದು. ಒಣ ಹುಲ್ಲನ್ನು ಯೋಜನೆಯಂತೆ ಸುಡಲು ಹಿಂದೆ ಹೆಲಿಕಾಪ್ಟರಿನಲ್ಲಿ ಕೆಳಮಟ್ಟದಲ್ಲಿ ಹಾರಬೇಕಿತ್ತು. ಈಗ ಕೆಲವು ಕಡೆ ಆ ಕೆಲಸಕ್ಕೆ ಡ್ರೋನ್ ಬಂದಿದೆ, ಮನುಷ್ಯರು ನೆಲದ ಮೇಲೆ ಉಳಿಯುತ್ತಾರೆ. ಇದು ಆ ಕ್ರಮದ ಮೊದಲ ಮೆಟ್ಟಿಲಿಗೆ ಸೇರಿದ ಬದಲಾವಣೆ, ಅದಕ್ಕೇ ಹೆಚ್ಚು ಬೆಲೆಯುಳ್ಳದ್ದು.

ಆದರೆ ಸುರಕ್ಷತೆಯ ಇತಿಹಾಸದಲ್ಲಿ ಅತಿ ದೊಡ್ಡ ಅಧ್ಯಾಯ ಕಾಡ್ಗಿಚ್ಚಿನದು. ಈ ಬ್ಯೂರೋ ಮತ್ತು ಕೃಷಿ ಇಲಾಖೆಯ ಅಡಿಯಲ್ಲಿರುವ ಅರಣ್ಯ ಸೇವೆ ಬೇರೆ ಬೇರೆ ಸಂಸ್ಥೆಗಳಾದರೂ ಬೆಂಕಿಯ ಕೆಲಸದಲ್ಲಿ ಒಟ್ಟಾಗಿ ದುಡಿಯುತ್ತವೆ. ಐಡಾಹೋದ ಬಾಯ್ಸಿಯಲ್ಲಿ ಎಲ್ಲಕ್ಕೂ ಸೇರಿದ ರಾಷ್ಟ್ರೀಯ ಕೇಂದ್ರವಿದೆ. 1949ರ ಆಗಸ್ಟ್ 5ರಂದು ಮೊಂಟಾನಾದ ಮ್ಯಾನ್ ಗಲ್ಚ್ ಕಮರಿಯಲ್ಲಿ 13 ಜನ ಬೆಂಕಿಗೆ ಸಿಕ್ಕಿ ಸತ್ತರು. 1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 15, 1956ರಲ್ಲಿ ಮತ್ತೆ ಅದೇ ರಾಜ್ಯದಲ್ಲಿ 11 ಜನ. ಈ ಸಾವುಗಳ ನಂತರ, 1957ರಲ್ಲಿ, ಹಿಂದಿನ 20 ವರ್ಷಗಳ ದುರಂತಗಳನ್ನು ಒಟ್ಟಿಗಿಟ್ಟು ನೋಡಿದ ಒಂದು ತಂಡ ಸೇನೆಯ ಆಜ್ಞೆಗಳ ಮಾದರಿಯಲ್ಲಿ ಹತ್ತು ಆದೇಶಗಳನ್ನು ರಚಿಸಿತು. ಹವಾಮಾನದ ಮೇಲೆ ಕಣ್ಣಿಡು, ಬೆಂಕಿ ಈಗ ಏನು ಮಾಡುತ್ತಿದೆ ಎಂಬುದು ಸದಾ ಗೊತ್ತಿರಲಿ, ತಪ್ಪಿಸಿಕೊಳ್ಳುವ ದಾರಿ ಎಲ್ಲರಿಗೂ ತಿಳಿದಿರಲಿ, ಕಾವಲಿಗೊಬ್ಬ ಇರಲಿ ಎಂಬಂಥ ಮಾತುಗಳವು. ಅಪಾಯದ ಸೂಚನೆಗಳ ಇನ್ನೊಂದು ಪಟ್ಟಿ ಮುಂದೆ ಸೇರಿ, ಬೆಳೆದು, ಕೊನೆಗೆ 18ಕ್ಕೆ ನಿಂತಿತು. 1976ರಲ್ಲಿ ಕೊಲೊರಾಡೊದ ಬ್ಯಾಟಲ್‌ಮೆಂಟ್ ಕ್ರೀಕಿನಲ್ಲಿ ಮೂವರು ಸತ್ತ ಮರುವರ್ಷ, ಮೈಮೇಲೆ ಹೊದ್ದುಕೊಳ್ಳುವ ಅಲ್ಯುಮಿನಿಯಂ ಹೊದಿಕೆಯ ಪುಟ್ಟ ಡೇರೆಯನ್ನು ಪ್ರತಿಯೊಬ್ಬರೂ ಒಯ್ಯುವುದು ಕಡ್ಡಾಯವಾಯಿತು.

ನಿಯಮ ಕಾಗದದ ಮೇಲೆ ಇದ್ದರೆ ಸಾಕೇ? ಉತ್ತರ 1994ರ ಜುಲೈ 6ರಂದು ಸಿಕ್ಕಿತು. ಕೊಲೊರಾಡೊದ ಗ್ಲೆನ್‌ವುಡ್ ಸ್ಪ್ರಿಂಗ್ಸ್ ಪಟ್ಟಣದ ಪಶ್ಚಿಮಕ್ಕೆ, ಬ್ಯೂರೋದ ಭೂಮಿಯಲ್ಲಿರುವ ಸ್ಟಾರ್ಮ್ ಕಿಂಗ್ ಬೆಟ್ಟದಲ್ಲಿ, ಜುಲೈ 2ರ ಸಿಡಿಲಿಗೆ ಸಣ್ಣ ಬೆಂಕಿ ಹೊತ್ತಿತ್ತು. ಆ ಬೇಸಿಗೆಯಲ್ಲಿ ಸುತ್ತಲೂ ಬೆಂಕಿಗಳಿದ್ದುದರಿಂದ ಮೊದಲ ದಿನಗಳಲ್ಲಿ ಅದಕ್ಕೆ ಆದ್ಯತೆ ಸಿಗಲಿಲ್ಲ. 5ರಂದು ಏಳು ಜನರ ತಂಡ ಬೆಟ್ಟ ಹತ್ತಿತು, ಸಂಜೆ ವಿಮಾನದಿಂದ ಧುಮುಕುವವರು ಬಂದರು, ಮರುದಿನ ಆರೆಗಾನಿನ ಪ್ರೈನ್‌ವಿಲ್‌ನಿಂದ ಪರಿಣತರ ತಂಡವೊಂದು ಸೇರಿತು. ಬೆಟ್ಟದಲ್ಲಿ ಒಟ್ಟು 49 ಜನ. ಅವರಲ್ಲಿ ಒಂದು ಭಾಗದವರು ದಟ್ಟ ಓಕ್ ಪೊದೆಗಳ ನಡುವೆ ಇಳಿಜಾರಿನಲ್ಲಿ ಕೆಳಮುಖವಾಗಿ ಬೆಂಕಿ ತಡೆಯುವ ರೇಖೆ ಕಡಿಯುತ್ತಿದ್ದರು. ಒಣ ಶೀತಗಾಳಿ ಮಧ್ಯಾಹ್ನ ಅಪ್ಪಳಿಸಲಿದೆ ಎಂಬ ಹವಾಮಾನ ಎಚ್ಚರಿಕೆ ಹೊರಟಿತ್ತು. ಬೆಟ್ಟದ ಮೇಲಿನವರಿಗೆ ಅದು ತಲುಪಲಿಲ್ಲ. ಮೂರೂಕಾಲರ ಸುಮಾರಿಗೆ ಗಾಳಿ ಬಂತು. ಕಮರಿಯ ತಳದಲ್ಲಿ, ಅವರ ಕೆಳಗಡೆ, ಬೆಂಕಿ ಹೊಸದಾಗಿ ಹತ್ತಿಕೊಂಡು ಇಳಿಜಾರನ್ನು ಮೇಲಕ್ಕೆ ನುಂಗುತ್ತ ಓಡಿತು. 14 ಜನ ಸತ್ತರು: ಪ್ರೈನ್‌ವಿಲ್ ತಂಡದ ಒಂಬತ್ತು, ವಿಮಾನದಿಂದ ಧುಮುಕಿದವರಲ್ಲಿ ಮೂವರು, ಹೆಲಿಕಾಪ್ಟರ್ ತಂಡದ ಇಬ್ಬರು.

ತನಿಖೆ ಕಂಡುಕೊಂಡದ್ದು ಇದು: ಹತ್ತು ಆದೇಶಗಳಲ್ಲಿ ಎಂಟಕ್ಕೆ ಭಂಗ ಬಂದಿತ್ತು, 18 ಅಪಾಯ ಸೂಚನೆಗಳಲ್ಲಿ 12 ಅಲ್ಲಿದ್ದವು. ಸತ್ತವರು ಹೊಸಬರಲ್ಲ, ನಿಯಮಗಳನ್ನು ಬಾಯಿಪಾಠ ಬಲ್ಲವರು. ಏನು ಬಂದರೂ ಮಾಡಿ ತೋರಿಸುತ್ತೇವೆ ಎಂಬ ಮನೋಭಾವವನ್ನೇ ತನಿಖಾ ವರದಿ ಒಂದು ಕಾರಣವಾಗಿ ಹೆಸರಿಸಿತು. ಓಷಾ ಇನ್ನೂ ಮುಂದೆ ಹೋಯಿತು. ಇಳಿಜಾರಿನಲ್ಲಿದ್ದವರ ನಿರ್ಧಾರಗಳಷ್ಟನ್ನೇ ಅದು ನೋಡಲಿಲ್ಲ. ಆ ಬೆಂಕಿಯನ್ನು ಯಾರು ನೋಡಿಕೊಳ್ಳುತ್ತಿದ್ದರು, ಮೇಲಿನ ಕಚೇರಿ ಏನು ಪರಿಶೀಲಿಸಿತು ಎಂದು ಕೇಳಿ, ಬ್ಯೂರೋ ಮತ್ತು ಅರಣ್ಯ ಸೇವೆ ಎರಡಕ್ಕೂ 1995ರಲ್ಲಿ ಉಲ್ಲಂಘನೆಯ ನೋಟಿಸ್ ಕೊಟ್ಟಿತು. ದಂಡವಿಲ್ಲದ ನೋಟಿಸ್ ನಿಜ. ಆದರೂ ತಪ್ಪನ್ನು ಬೆಟ್ಟದಿಂದ ಕಚೇರಿಯ ಮೇಜಿನವರೆಗೆ ಹಿಂಬಾಲಿಸಿದ್ದು ದೊಡ್ಡ ತಿರುವು. ಅದೇ ವರ್ಷ ಬಂದ ಹೊಸ ಕೇಂದ್ರ ನೀತಿ, ಪ್ರತಿ ಬೆಂಕಿಯಲ್ಲೂ ಸಿಬ್ಬಂದಿಯ ಮತ್ತು ಜನರ ಜೀವವೇ ಮೊದಲ ಆದ್ಯತೆ, ಆಸ್ತಿ ಮತ್ತು ಕಾಡು ಆಮೇಲೆ ಎಂದು ಸ್ಪಷ್ಟವಾಗಿ ಬರೆಯಿತು.

ನಂತರ ಬಂದ ಸುಧಾರಣೆಗಳಲ್ಲಿ ದಣಿವಿಗೆ ಸಂಬಂಧಿಸಿದವು ಮುಖ್ಯ. ಎರಡು ಗಂಟೆ ಕೆಲಸಕ್ಕೆ ಒಂದು ಗಂಟೆಯ ವಿಶ್ರಾಂತಿ, ಒಂದು ನಿಯೋಜನೆ ಸಾಮಾನ್ಯವಾಗಿ 14 ದಿನ ಮೀರಬಾರದು ಎಂಬ ಲೆಕ್ಕ ಬಂತು. ಮುಂಚೂಣಿಯಲ್ಲಿ ದುಡಿಯುವವರು ಸುಮಾರು 20 ಕಿಲೊ ಹೊರೆ ಹೊತ್ತು 4.8 ಕಿಲೊಮೀಟರನ್ನು 45 ನಿಮಿಷದಲ್ಲಿ ನಡೆದು ತೋರಿಸಬೇಕು. ಈ ಪರೀಕ್ಷೆಯಲ್ಲೇ ಹೃದಯಾಘಾತದಿಂದ ಸತ್ತವರಿದ್ದಾರೆ. ಆದ್ದರಿಂದ ಅದಕ್ಕೂ ಮುಂಚೆ ಆರೋಗ್ಯ ತಪಾಸಣೆ ಇದೆ.

ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ಒಪ್ಪದಿರುವ ಹಕ್ಕು. ಬೆಂಕಿ ತಂಡದವರ ಜೇಬಿನಲ್ಲಿರುವ ಕೈಪಿಡಿಯಲ್ಲಿ, ಅಪಾಯಕರ ಆದೇಶವನ್ನು ನಿರಾಕರಿಸುವ ಕ್ರಮವನ್ನೇ ಬರೆದಿದ್ದಾರೆ. ಕಾವಲಿಲ್ಲ, ಸಂಪರ್ಕವಿಲ್ಲ, ತಪ್ಪಿಸಿಕೊಳ್ಳುವ ದಾರಿ ಇಲ್ಲ ಎಂದು ಕಾರಣ ಕೊಟ್ಟು ಮೇಲಿನವರಿಗೆ ನೇರವಾಗಿ ಹೇಳಬೇಕು. ಸಾಧ್ಯವಾದರೆ ಬೇರೆ ಸುರಕ್ಷಿತ ಮಾರ್ಗವನ್ನು ಸೂಚಿಸಬೇಕು. ಅಧಿಕಾರಿ ಅದೇ ಕೆಲಸವನ್ನು ಇನ್ನೊಂದು ತಂಡಕ್ಕೆ ಒಪ್ಪಿಸಿದರೆ, ಮೊದಲ ತಂಡ ಯಾವ ಕಾರಣಕ್ಕೆ ನಿರಾಕರಿಸಿತು ಎಂಬುದನ್ನು ಎರಡನೆಯ ತಂಡಕ್ಕೆ ತಿಳಿಸಲೇಬೇಕು. ಈ ಕೊನೆಯ ಸಾಲು ಚಿಕ್ಕದು, ಅದರ ಕೆಲಸ ದೊಡ್ಡದು. ಒಬ್ಬರು ಬೇಡವೆಂದ ಅಪಾಯವನ್ನು ಅರಿಯದ ಇನ್ನೊಬ್ಬರ ತಲೆಗೆ ಕಟ್ಟುವ ದಾರಿಯನ್ನು ಅದು ಮುಚ್ಚುತ್ತದೆ.

ಅವಘಡದ ನಂತರ ಸತ್ಯ ಹೊರಬರಬೇಕಾದರೆ ಬದುಕುಳಿದವರು ಬಾಯಿಬಿಡಬೇಕು. ಇಲ್ಲಿ ಒಂದು ಕಹಿ ಪಾಠವಿದೆ. 2001ರ ಜುಲೈ 10ರಂದು ವಾಷಿಂಗ್ಟನ್ ರಾಜ್ಯದ ಥರ್ಟಿಮೈಲ್ ಬೆಂಕಿಯಲ್ಲಿ ಅರಣ್ಯ ಸೇವೆಯ ನಾಲ್ವರು ಎಳೆಯ ವಯಸ್ಸಿನವರು ಸತ್ತರು. ಮರುವರ್ಷ ಬಂದ ಕಾನೂನು, ಇಂಥ ಸಾವುಗಳನ್ನು ಕೃಷಿ ಇಲಾಖೆಯ ಮಹಾ ತನಿಖಾಧಿಕಾರಿಯೂ ಸ್ವತಂತ್ರವಾಗಿ ವಿಚಾರಿಸಬೇಕೆಂದಿತು. ಆ ಬೆಂಕಿಯ ಮುಂದಾಳು ಆಗಿದ್ದವರ ಮೇಲೆ 2006ರ ಕೊನೆಗೆ ನರಹತ್ಯೆಯ ಆರೋಪ ಹೊರಿಸಲಾಯಿತು. 2008ರಲ್ಲಿ ಅದನ್ನು ಕೈಬಿಟ್ಟು, ತಪ್ಪು ಹೇಳಿಕೆ ಕೊಟ್ಟ ಸಣ್ಣ ಅಪರಾಧಕ್ಕೆ ಪ್ರಕರಣ ಮುಗಿಯಿತು. ಸತ್ತವರ ಮನೆಯವರು ನ್ಯಾಯ ಕೇಳಿದ್ದು ಸಹಜವೇ. ಆದರೆ ಅದರ ಪರಿಣಾಮವಾಗಿ ದೇಶದುದ್ದಕ್ಕೂ ಬೆಂಕಿ ತಂಡಗಳಲ್ಲಿ, ವಕೀಲರಿಲ್ಲದೆ ತನಿಖೆಯವರ ಮುಂದೆ ಮಾತಾಡಬಾರದು, ಮುಂದಾಳುತನ ವಹಿಸಿಕೊಳ್ಳಬಾರದು ಎಂಬ ಅಂಜಿಕೆ ಹಬ್ಬಿತು. ಹೀಗಾಗಿ ಅರಣ್ಯ ಸೇವೆ ಬೇರೊಂದು ವಿಧಾನವನ್ನು ಬೆಳೆಸಿತು. ಅದರಲ್ಲಿ ಯಾರದು ತಪ್ಪು ಎಂದು ಹುಡುಕುವುದಿಲ್ಲ. ಆ ಕ್ಷಣದಲ್ಲಿ ಅವರಿಗೆ ಏನು ಕಾಣುತ್ತಿತ್ತು, ಆ ನಿರ್ಧಾರ ಅವರಿಗೆ ಯಾಕೆ ಸರಿಯೆನಿಸಿತು ಎಂದು ಕೇಳಿ, ಉತ್ತರವನ್ನು ಎಲ್ಲರೂ ಓದುವಂತೆ ಪ್ರಕಟಿಸುತ್ತಾರೆ. ಬೇಕಂತಲೇ ಮಾಡಿದ ಅಪರಾಧಕ್ಕೆ ಇದು ರಕ್ಷೆಯಲ್ಲ. ಆದರೆ ಪ್ರಾಮಾಣಿಕ ತಪ್ಪನ್ನು ಹೇಳಿಕೊಂಡವರಿಗೆ ಶಿಕ್ಷೆಯಾಗುವ ಇಲಾಖೆಯಲ್ಲಿ ಮುಂದಿನ ತಪ್ಪು ಕತ್ತಲಲ್ಲೇ ಉಳಿಯುತ್ತದೆ.

ಕೂದಲೆಳೆಯಲ್ಲಿ ತಪ್ಪಿದ ಅಪಾಯಗಳ ವರದಿಯೂ ಇದೇ ನಂಬಿಕೆಯ ಮೇಲೆ ನಿಂತಿದೆ. ಬೆಂಕಿ ಕೆಲಸಕ್ಕೆ ಸೇಫ್‌ನೆಟ್, ವಿಮಾನ ಮತ್ತು ಹೆಲಿಕಾಪ್ಟರಿಗೆ ಸೇಫ್‌ಕಾಮ್ ಎಂಬ ವ್ಯವಸ್ಥೆಗಳಿವೆ. ಹೆಸರು ಹೇಳದೆಯೂ ವರದಿ ಕೊಡಬಹುದು. ಯಾರಿಗೂ ಪೆಟ್ಟಾಗದ ಘಟನೆಯನ್ನು ಬರೆದಿಡುವುದಕ್ಕೆ ತಾಳ್ಮೆ ಬೇಕು, ಅದನ್ನು ಓದುವ ಅಧಿಕಾರಿಗೆ ಇನ್ನೂ ಹೆಚ್ಚು ತಾಳ್ಮೆ ಬೇಕು.

ಕಟ್ಟಕಡೆಗೆ ಉಳಿದಿರುವುದು ನಿಧಾನವಾಗಿ ಕೊಲ್ಲುವ ಅಪಾಯ: ಹೊಗೆ. ನಗರದ ಅಗ್ನಿಶಾಮಕ ಸಿಬ್ಬಂದಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಹೋಗುತ್ತಾರೆ. ಬೆಟ್ಟದಲ್ಲಿ ದಿನಕ್ಕೆ ಹದಿನಾರು ಗಂಟೆ ದುಡಿಯುವವರಿಗೆ ಅದು ಸಾಧ್ಯವಿಲ್ಲ, ಬಹುಕಾಲ ಅವರು ಕತ್ತಿಗೆ ಕಟ್ಟಿದ ಬಟ್ಟೆಯನ್ನೇ ಮೂಗಿಗೆ ಏರಿಸಿಕೊಂಡಿದ್ದರು. ಬೆಂಕಿ ಆರಿಸುವ ಉದ್ಯೋಗ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಘೋಷಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ಕಾನೂನಿನಿಂದ, ಕೇಂದ್ರ ಸರ್ಕಾರದ ಬೆಂಕಿ ಸಿಬ್ಬಂದಿಗೆ ಕೆಲವು ಬಗೆಯ ಕ್ಯಾನ್ಸರ್, ಹೃದಯ ಮತ್ತು ಶ್ವಾಸಕೋಶದ ಕಾಯಿಲೆ ಬಂದರೆ ಅದು ಕೆಲಸದಿಂದಲೇ ಬಂದದ್ದೆಂದು ಇಲಾಖೆ ಒಪ್ಪಿಕೊಳ್ಳಬೇಕು. ಅದಕ್ಕೂ ಮೊದಲು, ಯಾವ ವರ್ಷದ ಯಾವ ಬೆಂಕಿಯ ಹೊಗೆ ತನ್ನ ಎದೆಯನ್ನು ಕೆಡಿಸಿತು ಎಂದು ಸಾಬೀತುಪಡಿಸುವ ಹೊರೆ ರೋಗಿಯ ಮೇಲೆಯೇ ಇತ್ತು.