ಪೈರಿನಲ್ಲೇ ಕೊಂಡ ಬೆಳೆ

ಚೆಂಡಿಲ್ಲ, ದಾಂಡಿಲ್ಲ, ಮೈದಾನವೂ ಇಲ್ಲ. ಆದರೆ ತಂಡವುಂಟು, ತಂಡಕ್ಕೆ ಒಡೆಯನುಂಟು, ಒಡೆಯನ ಕೈಯಲ್ಲಿ ವಕೀಲರು ಬರೆದಂತಹ ಕರಾರೂ ಉಂಟು! ಅಮೆರಿಕದಲ್ಲಿ ಲಕ್ಷಾಂತರ ಮಂದಿಯ ಮನಸ್ಸನ್ನು ಸೆಳೆದಿರುವ ಫ್ಯಾಂಟಸಿ ಬೇಸ್‌ಬಾಲ್ ಎಂಬ ವಿನೋದ ಇಂಥದು.

ಡೇನಿಯಲ್ ಓಕ್ರೆಂಟ್ ಎಂಬ ಲೇಖಕರು ಕಲ್ಪಿಸಿದ ಈ ಆಟವನ್ನು ನ್ಯೂಯಾರ್ಕಿನ ಮಿತ್ರಮಂಡಳಿಯೊಂದು 1980ರಲ್ಲಿ ಮೊದಲು ಆಡಿತು. ಅವರು ಕೂಡುತ್ತಿದ್ದ ಫ್ರೆಂಚ್ ಭೋಜನಶಾಲೆಯ ಹೆಸರಿನಿಂದ ಅದಕ್ಕೆ ‘ರೊಟಿಸೆರಿ’ ಎಂಬ ನಾಮಕರಣವಾಯಿತು. ಒಡೆಯನಾದವನು 260 ಡಾಲರಿನ ಮಿತಿಯೊಳಗೆ ಮೇಜರ್ ಲೀಗಿನ 23 ಆಟಗಾರರನ್ನು ಹರಾಜಿನಲ್ಲಿ ಕೊಳ್ಳಬೇಕು. ಅವರು ನಿಜವಾದ ಪಂದ್ಯಗಳಲ್ಲಿ ತೋರುವ ಪರಾಕ್ರಮವೇ ಇವನ ಭಾಗ್ಯ. ಆಟ ಹುಟ್ಟಿಸಿದ ಓಕ್ರೆಂಟರು ಮಾತ್ರ ತಮ್ಮ ಸಂಘದಲ್ಲಿ ಒಮ್ಮೆಯೂ ಗೆಲ್ಲಲಿಲ್ಲವೆಂಬುದು ಪ್ರಸಿದ್ಧವಾದ ಹಾಸ್ಯ.

ಕೊಂಡ ಆಟಗಾರನನ್ನು ಮುಂದಿನ ವರ್ಷಕ್ಕೂ ಉಳಿಸಿಕೊಳ್ಳಬಹುದು. ಹಳೆಯ ಪದ್ಧತಿಯಂತೆ ಎರಡು ವರ್ಷ ಕಳೆದ ಮೇಲೆ ಅವನನ್ನು ಬಿಡಬೇಕು. ಇಲ್ಲವೆ ಅದೇ ಬೆಲೆಗೆ ಕಡೆಯದಾಗಿ ಒಂದು ವರ್ಷ ಇರಿಸಿಕೊಳ್ಳಬೇಕು. ಅದೂ ಸಾಲದೆಂದರೆ ಹೆಚ್ಚಿನ ಪ್ರತಿ ವರ್ಷಕ್ಕೂ 5 ಡಾಲರಿನಂತೆ ಬೆಲೆಯೇರಿಸಿ ದೀರ್ಘ ಕರಾರು ಮಾಡಿಕೊಳ್ಳಬೇಕು.

ತೊಡಕು ಹುಟ್ಟುವುದು ಎಳೆಯರ ವಿಷಯದಲ್ಲಿ. ಮೇಜರ್ ಲೀಗಿನ ಕೆಳಗಿನ ಮೈನರ್ ಲೀಗುಗಳಲ್ಲಿ ತರುಣರು ಪಳಗುತ್ತಾರೆ. ಈ ವ್ಯವಸ್ಥೆಗೆ ಅಮೆರಿಕನ್ನರು ‘ಫಾರ್ಮ್’ ಎನ್ನುತ್ತಾರೆ, ಹೆಸರು ಸಾರ್ಥಕ. ಕಾಗದದ ಒಡೆಯರು ಇಂತಹ ಹುಡುಗರನ್ನು ಪೈರಿನಲ್ಲೇ ಕೊಂಡಿಡುತ್ತಾರೆ. ಅವರ ಕರಾರಿನ ವರ್ಷಗಳು ಎಂದಿನಿಂದ ಎಣಿಕೆಗೆ ಬರಬೇಕು? ಕೊಂಡ ದಿನದಿಂದ ಎಂದರೆ ಹುಡುಗ ಮೇಲೇರುವುದರೊಳಗೆ ಕರಾರೇ ತೀರಿಹೋದೀತು. ಮುಖ್ಯ ತಂಡಕ್ಕೆ ಸೇರಿಸಿಕೊಂಡ ದಿನದಿಂದ ಎಂದರೆ ಜಾಣನು ಮಾಗಿದ ಹಣ್ಣನ್ನೂ ಕಾಯಿಯೆಂದು ಬಚ್ಚಿಟ್ಟುಕೊಂಡಾನು. ಆದುದರಿಂದ ಅನೇಕ ಸಂಘಗಳು ಮೇಜರ್ ಲೀಗಿನ ಅಳತೆಗೋಲನ್ನೇ ಎರವಲು ತಂದಿವೆ. ಅಲ್ಲಿ ದಾಂಡಿಗನ ಲೆಕ್ಕ 130 ಸರದಿಗಳನ್ನು, ಎಸೆತಗಾರನ ಲೆಕ್ಕ 50 ಇನ್ನಿಂಗ್ಸನ್ನು ದಾಟಿದರೆ ಅವನು ಹೊಸಬನಲ್ಲ. ಆಮೇಲೆ ಅವನನ್ನು ತಂಡಕ್ಕೆ ಸೇರಿಸಬೇಕು, ಇಲ್ಲವೆ ಬಿಡಬೇಕು.

ಬಚ್ಚಿಡುವ ಜಾಣತನ ಕಾಗದದ ಮೇಲೆ ಬರಿಯ ವಿನೋದ. ನಿಜವಾದ ಮೈದಾನದಲ್ಲಿ ಅದರ ಬೆಲೆ ತೆರುವವನು ಆಟಗಾರ. ಮೇಜರ್ ಲೀಗಿನಲ್ಲಿ ಆರು ವರ್ಷಗಳ ಸೇವೆ ತುಂಬಿದ ಮೇಲೆಯೇ ಅವನಿಗೆ ತನ್ನಿಚ್ಛೆಯ ತಂಡವನ್ನು ಸೇರುವ ಸ್ವಾತಂತ್ರ್ಯ. 172 ದಿನಗಳಾದರೆ ಒಂದು ವರ್ಷ. 2015ರ ವಸಂತದ ಅಭ್ಯಾಸ ಪಂದ್ಯಗಳಲ್ಲಿ 9 ಹೋಮ್ ರನ್ ಬಾರಿಸಿದ ಕ್ರಿಸ್ ಬ್ರಯಂಟರನ್ನು ಶಿಕಾಗೊ ಕಬ್ಸ್ ತಂಡವು ಇನ್ನೂ ಪಳಗಬೇಕೆಂದು ಹೇಳಿ ಮೈನರ್ ಲೀಗಿಗೆ ಕಳುಹಿಸಿತು. ಏಪ್ರಿಲ್ 17ರಂದು ಕರೆ ಬಂದಿತು. ಋತು ಮುಗಿದಾಗ ಅವರ ಲೆಕ್ಕ 171 ದಿನ! ಒಂದೇ ದಿನದ ಕೊರತೆಯಿಂದ ಸ್ವಾತಂತ್ರ್ಯವು ಒಂದು ವರ್ಷ ಹಿಂದೆ ಸರಿಯಿತು. ಆ ವರ್ಷದ ಶ್ರೇಷ್ಠ ಹೊಸ ಆಟಗಾರನೆಂಬ ಪ್ರಶಸ್ತಿ ಬಂದದ್ದೂ ಅವರಿಗೇ. ಅವರು ಸಲ್ಲಿಸಿದ ದೂರನ್ನು ಮಧ್ಯಸ್ಥರು 2020ರಲ್ಲಿ ತಳ್ಳಿಹಾಕಿದರು.

2022ರ ಒಪ್ಪಂದದಲ್ಲಿ ನಿಯಮ ಕೊಂಚ ಸಡಿಲಿತು. ಈ ಪ್ರಶಸ್ತಿಯ ಮತಗಳಲ್ಲಿ ಮೊದಲ ಎರಡು ಸ್ಥಾನ ಪಡೆದವರಿಗೆ, ದಿನಗಳು ಕಡಮೆಯಾದರೂ, ಪೂರ್ಣ ವರ್ಷದ ಸೇವೆ ಲಭಿಸುತ್ತದೆ. ಪಿಟ್ಸ್‌ಬರ್ಗಿನ ಎಸೆತಗಾರ ಪಾಲ್ ಸ್ಕೀನ್ಸ್ 2024ರ ಮೇ 11ರಂದು ಮೊದಲ ಪಂದ್ಯವಾಡಿ, ಪ್ರಶಸ್ತಿಯನ್ನು ಗೆದ್ದು, ಆ ವರ್ಷವನ್ನು ಇಡಿಯಾಗಿ ತಮ್ಮ ಲೆಕ್ಕಕ್ಕೆ ಬರೆಸಿಕೊಂಡರು.