ಸಿಲಿಂಡರಿಗೆ ನೀರಿನ ಪರೀಕ್ಷೆ

ಬೀದರ, ಭಾಲ್ಕಿ, ಔರಾದಗಳ ನಮ್ಮ ಅಡಿಗೆಮನೆಗಳಿಗೆ ಬರುವ ಅನಿಲದ ಸಿಲಿಂಡರು ತನ್ನ ಪರೀಕ್ಷೆಯ ಗಡುವನ್ನು ಮೈಮೇಲೆಯೇ ಹೊತ್ತಿರುತ್ತದೆ. ಮೇಲಿನ ಬಳೆಗೆ ಆಸರೆಯಾದ ಪಟ್ಟಿಯ ಒಳಬದಿಯನ್ನು ನೋಡೋಣ. ಅಲ್ಲಿ ‘ಬಿ-28’ ಎಂದಿದ್ದರೆ, 2028ರ ಎರಡನೆಯ ತ್ರೈಮಾಸಿಕ ಮುಗಿಯುವುದರೊಳಗೆ, ಎಂದರೆ ಜೂನ್ ಕಳೆಯುವ ಮುನ್ನ, ಅದು ಮರುಪರೀಕ್ಷೆಗೆ ಹೋಗತಕ್ಕದ್ದು.

ಪರೀಕ್ಷೆಯಲ್ಲಿ ಸಿಲಿಂಡರಿಗೆ ನೀರು ತುಂಬಿ ಒತ್ತಡವನ್ನು ಏರಿಸುವರು. ಗಾಳಿಯೇಕಾಗದು? ಒತ್ತಿದ ಗಾಳಿ ಅದುಮಿಟ್ಟ ಸ್ಪ್ರಿಂಗಿನಂತೆ ಶಕ್ತಿಯನ್ನು ಕೂಡಿಟ್ಟುಕೊಳ್ಳುವುದು. ಉಕ್ಕು ಬಿರಿದರೆ ಸಿಡಿಯುವುದು. ನೀರು ಅತ್ಯಲ್ಪವಾಗಿ ಕುಗ್ಗುವುದರಿಂದ, ಬಿರುಕು ಬಿಟ್ಟೊಡನೆ ಒತ್ತಡ ತಟಕ್ಕನೆ ಇಳಿದುಬಿಡುವುದು. ನೇತ್ರಾಣಿಯ ಕಡಲಲ್ಲಿ ಮುಳುಗುವವರು ಬೆನ್ನಿಗೆ ಕಟ್ಟುವ, ಸುಮಾರು 200 ಬಾರ್ ಒತ್ತಡದ ಗಾಳಿಯ ಸಿಲಿಂಡರಿಗೂ ಇಂಥದೇ ಪರೀಕ್ಷೆ.

ಗಡುವು ಮೀರಿದ ಸಿಲಿಂಡರು ಬಾಗಿಲಿಗೆ ಬಂದರೆ, ತೂಕವೊಂದನ್ನೇ ನೋಡಿ ಒಳಗಿರಿಸಿಕೊಳ್ಳದೆ ಹಿಂದಿರುಗಿಸೋಣ.