ಗಣಕದೊಳಗಿನ ದೂರವಾಣಿ ಕೇಂದ್ರ

ಬೆಂಗಳೂರಿನ ಪೂರ್ವಕ್ಕೆ, ಮಾರತ್‌ಹಳ್ಳಿಯಿಂದ ವೈಟ್‌ಫೀಲ್ಡಿನ ಕಡೆಗೆ ಹೋಗುವ ದಾರಿಯಲ್ಲಿ ಕುಂದಲಹಳ್ಳಿಯೆಂಬ ಊರುಂಟು. ಹಳ್ಳಿಯೆಂಬುದು ಈಗ ಹೆಸರಿನಲ್ಲಿ ಮಾತ್ರ. ಕೆರೆಯೊಂದು ಉಳಿದಿದೆ, ಸುತ್ತಲೂ ಗಾಜಿನ ಗೋಡೆಯ ಕಚೇರಿಗಳು ಎದ್ದು ನಿಂತಿವೆ, ೨೦೨೩ರ ಮಾರ್ಚಿಯಿಂದ ಮೆಟ್ರೋ ರೈಲೂ ಇಲ್ಲಿ ನಿಲ್ಲುತ್ತಿದೆ. ಇಲ್ಲಿಯ ಯಾವುದಾದರೊಂದು ಕಚೇರಿಗೆ ನಾವು ಟೆಲಿಫೋನು ಮಾಡಿದೆವೆನ್ನೋಣ. ಮೊದಲು ಒಂದು ಧ್ವನಿ ನಮ್ಮನ್ನು ಸ್ವಾಗತಿಸಿ, ಕನ್ನಡಕ್ಕೆ ಒಂದನ್ನು ಒತ್ತಿರೆಂದು ಹೇಳುತ್ತದೆ. ಒತ್ತುತ್ತೇವೆ. ಸ್ವಲ್ಪ ಹೊತ್ತು ಸಂಗೀತ. ಬಳಿಕ ಮನುಷ್ಯರೊಬ್ಬರು ಮಾತಿಗೆ ಸಿಕ್ಕುತ್ತಾರೆ. ಅವರು ಕುಂದಲಹಳ್ಳಿಯ ಕಚೇರಿಯಲ್ಲಿಯೇ ಇರಬಹುದು; ಮೈಸೂರಿನ ತಮ್ಮ ಮನೆಯಲ್ಲಿ ಕುಳಿತಿರಲೂಬಹುದು. ನಮ್ಮ ಕರೆಯನ್ನು ಅವರ ಕಿವಿಗೆ ಮುಟ್ಟಿಸಿದವರು ಯಾರು?

ಹಿಂದೆಯಾಗಿದ್ದರೆ ಈ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ವಿನಿಮಯ ಕೇಂದ್ರದಲ್ಲಿ ಒಬ್ಬ ಆಪರೇಟರು ಕುಳಿತು, ಕರೆದವರ ತಂತಿಯನ್ನು ಬೇಕಾದವರ ತಂತಿಗೆ ಕೈಯಾರೆ ಜೋಡಿಸುತ್ತಿದ್ದರು. ಆಮೇಲೆ ಆ ಕೆಲಸವನ್ನು ಯಂತ್ರ ವಹಿಸಿಕೊಂಡಿತು. ಅಮೆರಿಕದ ಆಲ್ಮನ್ ಸ್ಟ್ರೋಜರ್ ಎಂಬಾತ ೧೮೯೧ರಲ್ಲಿ ಇದಕ್ಕೆ ಪೇಟೆಂಟು ಪಡೆದನು. ಆತನ ವೃತ್ತಿ ಶವಸಂಸ್ಕಾರದ ಏರ್ಪಾಟು. ಊರಿನ ಆಪರೇಟರು ತನ್ನ ಗಿರಾಕಿಗಳನ್ನು ಎದುರಾಳಿಯ ಕಡೆಗೆ ತಿರುಗಿಸುತ್ತಾಳೆಂಬ ಸಂಶಯದಿಂದಲೇ ಆತ ಈ ಯಂತ್ರವನ್ನು ಹೂಡಿದನೆಂದು ಕಥೆ ಹೇಳುತ್ತಾರೆ. ಡಯಲು ತಿರುಗಿಸಿದಾಗ ಹೊರಡುವ ವಿದ್ಯುತ್ ಮಿಡಿತಗಳಿಗೆ ತಕ್ಕಂತೆ ಒಂದು ಲೋಹದ ತೋಳು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ, ಬಳಿಕ ಪಕ್ಕಕ್ಕೆ ತಿರುಗಿ, ಹತ್ತು ಹತ್ತು ನೂರು ತಂತಿಗಳಲ್ಲಿ ಒಂದನ್ನು ಮುಟ್ಟುತ್ತಿತ್ತು. ಕುಂದಲಹಳ್ಳಿಗೆ ಕೆಲವೇ ಮೈಲಿ ದೂರದ ದೂರವಾಣಿನಗರದಲ್ಲಿ, ೧೯೪೮ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಇಂಥ ಯಂತ್ರಗಳನ್ನೇ ತಯಾರಿಸಿ ದೇಶಕ್ಕೆಲ್ಲ ಒದಗಿಸಿತು. ಒಂದು ನಗರದ ಬೆಳವಣಿಗೆಗೆ ದೂರವಾಣಿಯೇ ಹೆಸರು ಕೊಟ್ಟಿರುವ ನಿದರ್ಶನ ಇದಕ್ಕಿಂತ ಬೇರೆ ಬೇಕಿಲ್ಲ.

ಮುಂದಿನ ಹೆಜ್ಜೆಯೂ ಕರ್ನಾಟಕದಲ್ಲಿಯೇ ಬಿತ್ತು. ೧೯೮೪ರ ಆಗಸ್ಟಿನಲ್ಲಿ ಭಾರತ ಸರ್ಕಾರ ಸಿ-ಡಾಟ್ ಎಂಬ ಸಂಶೋಧನ ಸಂಸ್ಥೆಯನ್ನು ಆರಂಭಿಸಿತು. ಸ್ಯಾಮ್ ಪಿತ್ರೋಡಾ ಅದರ ಪ್ರೇರಕರು, ಜಿ. ಬಿ. ಮೀಮಾಂಸಿಯವರು ಅದರ ನಿರ್ವಾಹಕರು. ದೆಹಲಿ, ಬೆಂಗಳೂರುಗಳಲ್ಲಿ ತರುಣ ಎಂಜಿನಿಯರುಗಳು ದುಡಿದರು. ಅವರು ರಚಿಸಿದ, ೧೨೮ ದ್ವಾರಗಳ ಗ್ರಾಮೀಣ ವಿನಿಮಯ ಕೇಂದ್ರ ೧೯೮೬ರ ಜುಲೈಯಲ್ಲಿ ಮೊದಲು ಕೆಲಸಕ್ಕೆ ನಿಂತದ್ದು ಚೆನ್ನಮ್ಮನ ಕಿತ್ತೂರಿನಲ್ಲಿ. ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ, ನಮ್ಮ ಬೇಸಗೆಯ ಸೆಕೆಯಲ್ಲಿ ಅದು ನಡೆಯಬೇಕಾಗಿತ್ತು, ನಡೆಯಿತು. ಸಿ-ಡಾಟ್ ಈ ರಚನೆಯನ್ನು ಗುಟ್ಟಾಗಿ ಇಟ್ಟುಕೊಳ್ಳದೆ ಹಲವು ತಯಾರಕರಿಗೆ ಪರವಾನಗಿಯ ಮೇಲೆ ಕೊಟ್ಟಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಇಷ್ಟಾದರೂ ಕಚೇರಿಗಳ ಒಳಗಿನ ಸಣ್ಣ ವಿನಿಮಯ ಕೇಂದ್ರ, ಎಂದರೆ ನಮ್ಮಲ್ಲಿ ಎಲ್ಲರೂ ಇಪಿಎಬಿಎಕ್ಸ್ ಎಂದು ಕರೆಯುವ ಪೆಟ್ಟಿಗೆ, ಬಹುಕಾಲ ಮುಚ್ಚಿದ ಪೆಟ್ಟಿಗೆಯಾಗಿಯೇ ಉಳಿಯಿತು. ಅದರೊಳಗೆ ಏನು ನಡೆಯುತ್ತದೆಂಬುದು ಮಾರಿದವರಿಗೆ ಮಾತ್ರ ಗೊತ್ತು. ಇನ್ನು ಹತ್ತು ಫೋನು ಬೇಕೆಂದರೆ ಅವರನ್ನೇ ಕೇಳಬೇಕು. ಕೆಟ್ಟರೆ ಅವರಿಗಾಗಿಯೇ ಕಾಯಬೇಕು. ಅವರು ಆ ಮಾದರಿಯನ್ನು ನಿಲ್ಲಿಸಿದರೆ ಪೆಟ್ಟಿಗೆ ಗುಜರಿಗೆ. ಅಮೆರಿಕದ ಆಲಬಾಮಾ ಪ್ರಾಂತದ ಆಬರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಾರ್ಕ್ ಸ್ಪೆನ್ಸರನಿಗೆ ೧೯೯೯ರಲ್ಲಿ ಇದೇ ತೊಡಕು ಎದುರಾಯಿತು. ಲಿನಕ್ಸ್ ಬಳಸುವವರಿಗೆ ನೆರವು ಕೊಡುವ ಸಣ್ಣ ವ್ಯಾಪಾರವೊಂದನ್ನು ಆತ ತೊಡಗಿದ್ದನು. ಗಿರಾಕಿಗಳ ಕರೆಗಳನ್ನು ಹಂಚಲು ಒಂದು ಪೆಟ್ಟಿಗೆ ಬೇಕಿತ್ತು. ಅದರ ಬೆಲೆ ಆತನ ಕೈಗೆ ಎಟುಕುವಂತಿರಲಿಲ್ಲ. ಆದರೆ ಗಣಕವಿತ್ತು, ಕ್ರಮವಿಧಿ ಬರೆಯುವ ಕೌಶಲವಿತ್ತು. ಪೆಟ್ಟಿಗೆ ಮಾಡುವ ಕೆಲಸವನ್ನೆಲ್ಲ ಮಾಡುವ ತಂತ್ರಾಂಶವನ್ನು ಆತನೇ ಬರೆದನು. ಅದೇ ಆಸ್ಟರಿಸ್ಕ್. ಯುನಿಕ್ಸ್ ಬಲ್ಲವರಿಗೆ ನಕ್ಷತ್ರದ ಆ ಚಿಹ್ನೆ 'ಯಾವುದಾದರೂ ಸರಿ' ಎಂಬುದರ ಸಂಕೇತ. ಟೆಲಿಫೋನಿನ ಗುಂಡಿಗಳಲ್ಲಿಯೂ ಅದು ಇದೆಯಷ್ಟೆ.

ಆತ ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಲಿ, ತಿದ್ದಲಿ, ಹಂಚಲಿ ಎಂದು ತೆರೆದಿಟ್ಟನು. ಜಿಮ್ ಡಿಕ್ಸನ್ ಎಂಬ ಎಂಜಿನಿಯರು ಟೆಲಿಫೋನು ತಂತಿಯನ್ನು ಗಣಕಕ್ಕೆ ಸೇರಿಸುವ ಅಗ್ಗದ ಕಾರ್ಡಿನ ರಚನೆಯನ್ನು ಅದೇ ರೀತಿ ತೆರೆದಿಟ್ಟಿದ್ದರು. ಸಂಕೇತ ಸಂಸ್ಕರಣೆಗೆ ಬೆಲೆಬಾಳುವ ಬೇರೆ ಚಿಪ್ಪುಗಳು ಬೇಡ, ಗಣಕದ ಮುಖ್ಯ ಚಿಪ್ಪೇ ಆ ಲೆಕ್ಕ ಮಾಡಬಲ್ಲದು ಎಂಬುದು ಅವರ ವಾದ. ಎರಡೂ ಒಂದುಗೂಡಿದವು. ೨೦೦೪ರಲ್ಲಿ ಆಸ್ಟರಿಸ್ಕಿನ ೧.೦ ಆವೃತ್ತಿ ಹೊರಬಂದಿತು. ೨೦೦೬ರಲ್ಲಿ ಅದೇ ಬಳಗದಲ್ಲಿ ದುಡಿದಿದ್ದ ಆಂಥೊನಿ ಮಿನೆಸಾಲೆ ಬೇರೊಂದು ರಚನೆಯಿಂದ ಫ್ರೀಸ್ವಿಚ್ ಎಂಬುದನ್ನು ಹೊರತಂದನು. ಈಗ ಎರಡೂ ಬಳಕೆಯಲ್ಲಿವೆ.

ಇನ್ನು ಭೌತವಿಜ್ಞಾನಕ್ಕೆ ಬರೋಣ. ನಮಗೆ ಹೆಚ್ಚು ರುಚಿಸುವುದು ಅದೇ. ಮಾತು ಗಾಳಿಯ ಒತ್ತಡದ ಏರಿಳಿತ. ಮೈಕ್ರೊಫೋನು ಅದನ್ನು ವಿದ್ಯುತ್ತಿನ ಏರಿಳಿತವನ್ನಾಗಿ ಮಾಡುತ್ತದೆ. ಟೆಲಿಫೋನಿನ ಮಾತಿಗೆ ಸೆಕೆಂಡಿಗೆ ಸುಮಾರು ೩೦೦ರಿಂದ ೩,೪೦೦ ಕಂಪನಗಳವರೆಗಿನ ಆವೃತ್ತಿಗಳು ಸಾಕು. ಅತ್ಯಧಿಕ ಆವೃತ್ತಿಯ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಅಲೆಯನ್ನು ಮತ್ತೆ ಕಟ್ಟಬಹುದೆಂಬುದು ಗಣಿತದ ನಿಯಮ. ಆದುದರಿಂದ ಸೆಕೆಂಡಿಗೆ ೮,೦೦೦ ಸಲ ಅಳೆಯುತ್ತಾರೆ. ಪ್ರತಿಯೊಂದು ಅಳತೆಯನ್ನೂ ೨೫೬ ಮಟ್ಟಗಳಲ್ಲಿ ಒಂದಾಗಿ, ಎಂದರೆ ೮ ಬಿಟ್ಟುಗಳಲ್ಲಿ, ಬರೆದಿಡುತ್ತಾರೆ.

ಇಲ್ಲಿ ಒಂದು ಜಾಣತನವಿದೆ. ೨೫೬ ಮಟ್ಟಗಳನ್ನು ಸಮ ಅಂತರದಲ್ಲಿ ಇಟ್ಟರೆ ಗಟ್ಟಿ ಮಾತು ಚೆನ್ನಾಗಿ ಬರುತ್ತದೆ, ಪಿಸುಮಾತು ಒರಟಾಗಿ ಕೆಡುತ್ತದೆ. ಅಕ್ಕಸಾಲಿಗನು ಗುಲಗಂಜಿ ತೂಕವನ್ನೂ ಬಿಡುವುದಿಲ್ಲ; ಮಂಡಿಯ ತಕ್ಕಡಿಯಲ್ಲಿ ಪಾವು ಕಿಲೋ ಹೆಚ್ಚುಕಡಮೆಯಾದರೆ ಯಾರೂ ಎಣಿಸುವುದಿಲ್ಲ. ಹಾಗೆಯೇ ಸಣ್ಣ ಸದ್ದಿನ ಬಳಿ ಮಟ್ಟಗಳನ್ನು ಒತ್ತೊತ್ತಾಗಿಯೂ ದೊಡ್ಡ ಸದ್ದಿನ ಬಳಿ ವಿರಳವಾಗಿಯೂ ಲಾಗರಿದಮ್ಮಿನ ಕ್ರಮದಲ್ಲಿ ಜೋಡಿಸುತ್ತಾರೆ. ನಮ್ಮ ಕಿವಿಯೂ ಹೆಚ್ಚುಕಡಮೆ ಹೀಗೆಯೇ ಅಳೆಯುವುದರಿಂದ ಮೋಸ ತಿಳಿಯುವುದಿಲ್ಲ. ಹೀಗೆ ಒಂದು ಸೆಕೆಂಡಿನ ಮಾತು ೬೪,೦೦೦ ಬಿಟ್ಟುಗಳಾಗುತ್ತದೆ.

ಹಳೆಯ ಕೇಂದ್ರದಲ್ಲಿ ಮಾತಿಗಾಗಿ ಒಂದು ದಾರಿಯನ್ನು ಕರೆ ಮುಗಿಯುವ ತನಕ ಕಾದಿರಿಸುತ್ತಿದ್ದರು. ಅಂತರಜಾಲದಲ್ಲಿ ಕಾದಿರಿಸಿದ ದಾರಿಯಿಲ್ಲ. ಮಾತನ್ನು ೨೦ ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ೧೬೦ ಬೈಟುಗಳ ಪ್ರತಿಯೊಂದು ತುಣುಕಿಗೂ ೪೦ ಬೈಟುಗಳ ವಿಳಾಸ, ಕ್ರಮಸಂಖ್ಯೆಗಳನ್ನು ಅಂಟಿಸಿ ಪೊಟ್ಟಣಗಳಾಗಿ ಕಳುಹಿಸುತ್ತಾರೆ. ಸೆಕೆಂಡಿಗೆ ೫೦ ಕಾರ್ಡುಗಳನ್ನು ಅಂಚೆಗೆ ಹಾಕಿದಂತೆ. ಅವು ಬೇರೆ ಬೇರೆ ಹೊತ್ತಿಗೆ ತಲಪುತ್ತವೆ. ಕೆಲವು ಕಳೆದೂ ಹೋಗುತ್ತವೆ. ಪತ್ರವಾದರೆ ಕಳೆದುದನ್ನು ಮತ್ತೆ ತರಿಸಬಹುದು. ಮಾತಿನಲ್ಲಿ ಅದು ನಿಷ್ಪ್ರಯೋಜಕ: ತುಣುಕು ಮತ್ತೆ ಬರುವಷ್ಟರಲ್ಲಿ ಮಾತು ಮುಂದೆ ಸಾಗಿರುತ್ತದೆ. ಆದುದರಿಂದ ಕಳೆದುದನ್ನು ಕಳೆದಂತೆಯೇ ಬಿಡುತ್ತಾರೆ. ಮುಂಚೆ ಬಂದವನ್ನು ಮಾತ್ರ ೪೦ ಅಥವಾ ೬೦ ಮಿಲಿಸೆಕೆಂಡು ತಡೆದಿಟ್ಟು, ಸರದಿಯಲ್ಲಿ ನಿಲ್ಲಿಸಿ, ಸಮವಾಗಿ ಕಿವಿಗೆ ಬಿಡುತ್ತಾರೆ.

ಈ ತಡೆಗೆ ಮಿತಿಯುಂಟು. ಒಂದು ಕಡೆಯ ವಿಳಂಬ ೧೫೦ ಮಿಲಿಸೆಕೆಂಡನ್ನು ಮೀರದಿರುವುದು ಒಳ್ಳೆಯದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೂಚಿಸಿದೆ. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಶಬ್ದ ಸುಮಾರು ೫೧ ಮೀಟರು ಸಾಗುತ್ತದೆ. ವಿಜಯಪುರದ ಗೋಳಗುಮ್ಮಟದ ಒಳವ್ಯಾಸ ಸುಮಾರು ೩೮ ಮೀಟರು; ಎಂದರೆ ಗುಮ್ಮಟದ ಎದುರು ಬದುರಿಗಿಂತಲೂ ಹೆಚ್ಚು ದೂರ ನಿಂತು ಮಾತನಾಡಿದಂತೆ. ಇದಕ್ಕಿಂತ ಹೆಚ್ಚಾದರೆ ಇಬ್ಬರೂ ಒಮ್ಮೆಗೇ ಬಾಯಿ ತೆರೆಯುತ್ತಾರೆ, ಇಬ್ಬರೂ ಒಮ್ಮೆಗೇ ಸುಮ್ಮನಾಗುತ್ತಾರೆ. ಬೆಂಗಳೂರಿನಿಂದ ನ್ಯೂಯಾರ್ಕಿಗೆ ನೇರ ದೂರ ಸುಮಾರು ೧೩,೪೦೦ ಕಿಲೋಮೀಟರು. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು. ದಾರಿಯೇ ೬೭ ಮಿಲಿಸೆಕೆಂಡು ನುಂಗಿತು! ಪೊಟ್ಟಣ ಕಟ್ಟಲು ೨೦, ತಡೆದಿಡಲು ೬೦ ಸೇರಿದರೆ ೧೪೭. ಕೇಬಲುಗಳು ನೇರ ಗೆರೆಯಲ್ಲಿ ಹೋಗುವುದೂ ಇಲ್ಲ. ಎಷ್ಟೇ ಹಣ ಸುರಿದರೂ ಬೆಳಕನ್ನು ಓಡಿಸಲಾಗದು.

ಪೊಟ್ಟಣಗಳು ಹೊರಡುವ ಮುಂಚೆ ಎರಡು ಫೋನುಗಳು ಒಪ್ಪಂದಕ್ಕೆ ಬರಬೇಕಷ್ಟೆ. ಈ ಒಪ್ಪಂದದ ಭಾಷೆಗೆ ಸಿಪ್ ಎಂದು ಹೆಸರು. ೧೯೯೯ರಲ್ಲಿ ಮೊದಲು ಪ್ರಕಟವಾಗಿ ೨೦೦೨ರಲ್ಲಿ ಪರಿಷ್ಕಾರಗೊಂಡಿತು. ಇದು ಸಾದಾ ಅಕ್ಷರಗಳ ಓಲೆಗಳ ವಿನಿಮಯ. ಒಂದು ಕಡೆಯಿಂದ 'ಇನ್ವೈಟ್' ಎಂಬ ಆಮಂತ್ರಣ, ಗಂಟೆ ಬಡಿಯುತ್ತಿದೆಯೆಂದು ೧೮೦, ಫೋನು ಎತ್ತಿದರೆಂದು ೨೦೦, ಬೇರೆ ಮಾತಿನಲ್ಲಿದ್ದಾರೆಂದು ೪೮೬ ಎಂಬ ಉತ್ತರ, ಕೊನೆಗೆ 'ಬೈ'. ಅಂಥ ಸಂಖ್ಯೆಯೇ ಇಲ್ಲದಿದ್ದರೆ ೪೦೪. ಜಾಲತಾಣ ಸಿಕ್ಕದಾಗ ವಿದ್ಯಾರ್ಥಿಗಳು ಕಾಣುವ ಅದೇ ೪೦೪. ಆಸ್ಟರಿಸ್ಕ್ ಈ ಓಲೆಗಳನ್ನು ಓದಿ, ಯಜಮಾನನು ಬರೆದಿಟ್ಟ ಪಟ್ಟಿಯನ್ನು ನೋಡಿ ನಡೆಯುತ್ತದೆ: ೧೦೧ ಬಂದರೆ ಇಂಥ ಫೋನನ್ನು ೨೦ ಸೆಕೆಂಡು ಬಡಿ, ಎತ್ತದಿದ್ದರೆ ಸಂದೇಶ ಬರೆದುಕೋ, ಸಂಜೆ ಆರರ ಮೇಲಾದರೆ ಕಾವಲುಗಾರನಿಗೆ ಕೊಡು. ಪದವಿಪೂರ್ವ ತರಗತಿಯ ಹುಡುಗಿಯೂ ಈ ಪಟ್ಟಿಯನ್ನು ಓದಿ ತಿದ್ದಬಲ್ಲಳು. ಮುಚ್ಚಿದ ಪೆಟ್ಟಿಗೆಗೂ ಇದಕ್ಕೂ ಇರುವ ಅಂತರ ಇದೇ.

ಎಷ್ಟು ಹೊರದಾರಿಗಳು ಬೇಕು? ನೂರು ಜನರ ಕಚೇರಿಯಲ್ಲಿ ಒಬ್ಬೊಬ್ಬರೂ ದಟ್ಟಣೆಯ ಗಂಟೆಯಲ್ಲಿ ಆರಾರು ನಿಮಿಷ ಹೊರಗಿನವರೊಡನೆ ಮಾತನಾಡುವರೆನ್ನೋಣ. ಒಟ್ಟು ೬೦೦ ನಿಮಿಷ. ಅರವತ್ತರಿಂದ ಭಾಗಿಸಿದರೆ ೧೦. ಹತ್ತು ದಾರಿ ಸಾಕೆಂದು ತೋರುವುದು ಸಹಜ. ಆದರೆ ಜನ ಸರದಿಯಂತೆ ಮಾತನಾಡುವುದಿಲ್ಲ. ಕೋಪನ್‌ಹೇಗನ್ನಿನ ಟೆಲಿಫೋನು ಸಂಸ್ಥೆಯ ಗಣಿತಜ್ಞ ಎರ್ಲಾಂಗ್ ೧೯೧೭ರಲ್ಲಿ ಪ್ರಕಟಿಸಿದ ಸೂತ್ರದಂತೆ ಲೆಕ್ಕ ಹಾಕಿದರೆ, ಹತ್ತು ದಾರಿಗಳಿದ್ದಾಗ ನೂರಕ್ಕೆ ೨೧ ಕರೆಗಳು ತಿರಸ್ಕೃತವಾಗುತ್ತವೆ. ಹದಿನೆಂಟಿದ್ದರೆ ನೂರಕ್ಕೆ ಒಂದಕ್ಕಿಂತಲೂ ಕಡಮೆ. ಹದಿನೆಂಟು ಸಂಭಾಷಣೆಗಳಿಗೆ ತಲಾ ೮೦ ಸಾವಿರ ಬಿಟ್ಟುಗಳಂತೆ ಸೆಕೆಂಡಿಗೆ ಸುಮಾರು ೧೪.೪ ಲಕ್ಷ ಬಿಟ್ಟುಗಳು ಒಂದೊಂದು ದಿಕ್ಕಿಗೆ ಸಾಗಬೇಕು. ಈಗಿನ ಜಾಲಕ್ಕೆ ಇದು ಅಲ್ಪ.

ತೆರೆದ ಕೇಂದ್ರಕ್ಕೆ ಅಪಾಯಗಳೂ ಉಂಟು. ೧೦೦೧ನೆಯ ಫೋನಿಗೆ ೧೦೦೧ ಎಂದೇ ಗುಪ್ತಪದವಿಟ್ಟರೆ, ಜಾಲದಲ್ಲಿ ಹಗಲಿರುಳು ತಡಕಾಡುವ ಕಳ್ಳರ ಗಣಕಗಳು ಅದನ್ನು ಊಹಿಸಿ, ರಾತ್ರಿಯೆಲ್ಲ ದುಬಾರಿ ವಿದೇಶೀ ಸಂಖ್ಯೆಗಳಿಗೆ ಕರೆಮಾಡಿ, ಬೆಳಗ್ಗೆ ಬಿಲ್ಲನ್ನು ಯಜಮಾನನಿಗೆ ಬಿಟ್ಟುಹೋಗುತ್ತವೆ. ಹಳೆಯ ಫೋನಿಗೆ ಕೇಂದ್ರದ ಬ್ಯಾಟರಿಯಿಂದ ೪೮ ವೋಲ್ಟು ತಂತಿಯಲ್ಲಿಯೇ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಅದು ಮಾತನಾಡುತ್ತಿತ್ತು. ಹೊಸದು ಕರೆಂಟು ಹೋದೊಡನೆ ಮೂಕ. ಆಸ್ಪತ್ರೆಗಳಲ್ಲಿ ಇದನ್ನು ಅಳವಡಿಸುವವರು ಬ್ಯಾಟರಿಯ ಏರ್ಪಾಟನ್ನು ಮೊದಲು ನೋಡಬೇಕೆಂದು ನಮ್ಮ ಮತ. ಕಾನೂನಿನ ಮಾತೂ ಇದೆ. ನಮ್ಮ ದೇಶದಲ್ಲಿ ಅಂತರಜಾಲ ದೂರವಾಣಿಗೆ ಪರಿಮಿತ ಅನುಮತಿ ದೊರೆತದ್ದು ೨೦೦೨ರ ಏಪ್ರಿಲಿನಲ್ಲಿ. ದೂರದ ಕರೆಯ ಸುಂಕ ತಪ್ಪಿಹೋದೀತೆಂದು ಅಂತರಜಾಲದ ಮಾತನ್ನೂ ಸಾರ್ವಜನಿಕ ತಂತಿಯ ಮಾತನ್ನೂ ಬೆರೆಸದಂತೆ ಕಟ್ಟುಪಾಡುಗಳಿದ್ದವು. ಕರೆಕೇಂದ್ರಗಳ ಮೇಲಿನ ನಿಯಮಗಳು ೨೦೨೦ರ ನವೆಂಬರಿನಲ್ಲಿ ಬಹುಮಟ್ಟಿಗೆ ಸಡಿಲಗೊಂಡವು. ಈಗಲೂ ಸಾರ್ವಜನಿಕ ಜಾಲಕ್ಕೆ ಸೇರುವುದು ಪರವಾನಗಿಯುಳ್ಳ ಸಂಸ್ಥೆಯ ಮೂಲಕವೇ ಆಗಬೇಕು.

ಬೆಲೆಯಿಲ್ಲದ ಈ ಕೇಂದ್ರದಿಂದ ಲಾಭ ಕುಂದಲಹಳ್ಳಿಯ ಕಚೇರಿಗಳಿಗೆ ಮಾತ್ರವೆಂದು ತಿಳಿಯಬಾರದು. ೨೦೧೦ರ ಫೆಬ್ರುವರಿಯಲ್ಲಿ ಛತ್ತೀಸಗಡದ ಆದಿವಾಸಿಗಳಿಗಾಗಿ ಪತ್ರಕರ್ತ ಶುಭ್ರಾಂಶು ಚೌಧುರಿಯವರು ಸಿಜಿನೆಟ್ ಸ್ವರ ಎಂಬುದನ್ನು ಆರಂಭಿಸಿದರು. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದ ನೆರವು ಅದಕ್ಕಿತ್ತು. ಅದರ ತಳಹದಿ ಆಸ್ಟರಿಸ್ಕ್. ಕಾಡಿನ ಹಾಡಿಯಿಂದ ಗೋಂಡಿ ಮಾತನಾಡುವ ರೈತನೊಬ್ಬ ಸಾಮಾನ್ಯ ಮೊಬೈಲಿನಿಂದ ೦೮೦ರಿಂದ ಮೊದಲಾಗುವ ಬೆಂಗಳೂರಿನ ಸಂಖ್ಯೆಗೆ ಕರೆಮಾಡುತ್ತಿದ್ದನು. ತನ್ನೂರಿನ ಕೊಳವೆಬಾವಿ ಕೆಟ್ಟದ್ದನ್ನೋ ಕೂಲಿ ಬಾರದ್ದನ್ನೋ ಹೇಳಿದರೆ, ಅದನ್ನು ಪರಿಶೀಲಿಸಿ, ಬೇರೆಯವರೂ ಫೋನಿನಲ್ಲಿ ಕೇಳುವಂತೆ ಇಡುತ್ತಿದ್ದರು. ಆತ ಓದುಬರಹ ಬಲ್ಲವನಾಗಿರಬೇಕಾಗಿರಲಿಲ್ಲ. ಆತನ ಭಾಷೆಯಲ್ಲಿ ಪತ್ರಿಕೆಗಳೂ ಆಕಾಶವಾಣಿಯ ಸುದ್ದಿಯೂ ವಿರಳವಾಗಿದ್ದವು. ಲಕ್ಷಾಂತರ ರೂಪಾಯಿಯ ಮುಚ್ಚಿದ ಪೆಟ್ಟಿಗೆಯನ್ನು ಕೊಂಡು ಇಂಥ ಪ್ರಯೋಗಕ್ಕೆ ಯಾರು ಕೈಹಾಕುತ್ತಿದ್ದರು?

ಪ್ರಯೋಗಾಸಕ್ತ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಕಾಲೇಜಿನಲ್ಲಿ ಮೂಲೆಗೆ ಬಿದ್ದ ಹಳೆಯ ಗಣಕವೊಂದು, ಒಂದು ವೈಫೈ ಪೆಟ್ಟಿಗೆ, ಸಿಪ್ ಬಲ್ಲ ತಂತ್ರಾಂಶ ಹಾಕಿದ ಎರಡು ಮೊಬೈಲುಗಳು ಇದ್ದರೆ ಸಾಕು; ಹೊರಜಾಲಕ್ಕೆ ಸೇರಿಸುವ ಅಗತ್ಯವೇ ಇಲ್ಲ. ಆಸ್ಟರಿಸ್ಕಿನಲ್ಲಿ 'ಎಕೋ' ಎಂಬ ಒಂದು ಆಜ್ಞೆಯುಂಟು: ನಾವು ಆಡಿದ್ದನ್ನು ಅದು ನಮಗೇ ಹಿಂದಿರುಗಿಸುತ್ತದೆ. ಆ ಸಂಖ್ಯೆಗೆ ಕರೆಮಾಡಿ ಒಮ್ಮೆ ಚಪ್ಪಾಳೆ ತಟ್ಟಿ, ತಟ್ಟಿದ ಸದ್ದನ್ನೂ ಮರಳಿದ ಸದ್ದನ್ನೂ ಇನ್ನೊಂದು ಗಣಕದಲ್ಲಿ ಮುದ್ರಿಸಿಕೊಂಡು, ಎರಡರ ನಡುವಣ ಕಾಲವನ್ನು ಅಳೆಯಿರಿ. ೧೦೦ ಮಿಲಿಸೆಕೆಂಡು ಬಂದರೆ, ಪಾಠದಲ್ಲಿ ಓದಿದ ೧೭ ಮೀಟರು ದೂರದ ಗೋಡೆಯ ಪ್ರತಿಧ್ವನಿ ಅದು. ತಡೆದಿಡುವ ಕಾಲವನ್ನು ಹೆಚ್ಚಿಸುತ್ತ ಹೋದಂತೆ ಗೋಡೆ ದೂರ ಸರಿಯುವುದನ್ನು ಕಾಣಬಹುದು.